ಹಂದಿಜ್ವರದ ವಾರ, ಗಿರಿಜಕ್ಕನ ಶೇಂಗಾ ಚಟ್ನಿ

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ನನಗೆ ಗೊತ್ತು. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಒಂದು ದಿನಸಿ ಅಂಗಡಿಯನ್ನು ಮಹಾಮಾರಿಯ ಬಾಯಿಂದ ಎಳೆದು ತಂದವನು ನಾನು. ಅದೂ ಹದಿನೈದನೇ ವಯಸ್ಸಿನಲ್ಲಿ, ಬಾಯಿ ತುಂಬ ಜೋಳದ ರೊಟ್ಟಿ ಇಟ್ಟುಕೊಂಡು.

ಆಗೆಲ್ಲ ನಮಗೆ ಪ್ಯಾಂಡೆಮಿಕ್ ಎಂದರೆ ಹಂದಿಜ್ವರ. ಎರಡು ಸಾವಿರದ ಒಂಬತ್ತರ ಜೂನ್ ಚಳಿ. ಶಾಲೆಯಲ್ಲಿ ಯಾರೋ ಪುಣ್ಯಾತ್ಮ ಸೀನಿದ, ವಾರಪೂರ್ತಿ ಬಾಗಿಲು ಹಾಕಿದರು. ಆ ಸೀನಿಗೆ ಗೋಡೆಯ ಭೂಪಟದಲ್ಲಿದ್ದ ಟ್ಯಾಸ್ಮೇನಿಯಾ ಹಾರಿ ನ್ಯೂಜಿಲೆಂಡಿಗೆ ಅಂಟಿಕೊಂಡಿತ್ತು.

ಉಡುಪಿ ಕಡೆಯ ನಮ್ಮ ಅಮ್ಮನಿಗೆ ಜ್ವರಕ್ಕಿಂತ ಜ್ವರದ ಹೆಸರೇ ಜಾಸ್ತಿ ಏರಿತು. ಬೀದಿಯ ತುದಿಯಲ್ಲಿ ಧಾರವಾಡದ ಗಿರಿಜಕ್ಕನ ಪುಟ್ಟ ಅಂಗಡಿ. ಅದರ ಪಕ್ಕದ ಬಾಗಿಲು ಗ್ರೀಕ್ ಕಟುಕ ಜಾರ್ಜನದು. ಅವನ ಕಿಟಕಿಯಲ್ಲಿ ಹಂದಿಗಳು ತಲೆಕೆಳಗಾಗಿ ತೂಗುತ್ತಿದ್ದವು.

"ಗೋಡೆಗೆ ಗೋಡೆ ತಾಗಿ ಉಂಟು ಮಾರಾಯ್ತಿ. ಜ್ವರ ಅಕ್ಕಿ ಮೂಟೆಗೆ ಬರ್ಲಿಕ್ಕೆ ಎಷ್ಟು ಹೊತ್ತು?" ಎಂದು ಅಮ್ಮ ಫೋನಿನಲ್ಲಿ ಒಬ್ಬ ಆಂಟಿಗೆ ಹೇಳಿದ್ದೇ ತಡ, ಸಂಜೆಯೊಳಗೆ ಕ್ಲೇಟನ್‌ನ ಸಸ್ಯಾಹಾರಿ ಕನ್ನಡಿಗರೆಲ್ಲ ಆ ಅಂಗಡಿಗೆ ಬೆನ್ನು ತಿರುಗಿಸಿದರು. ಅಷ್ಟು ವರ್ಷ ಅದೇ ಹಂದಿಗಳ ನೆರೆಯ ಅಕ್ಕಿ ಉಂಡವರು!

ಮರುದಿನ ನನಗೆ ಆಜ್ಞೆಯಾಯಿತು. "ಶಾಲೆ ಇಲ್ವಲ್ಲ, ಬಸ್ಸಲ್ಲಿ ಡ್ಯಾಂಡಿನಾಂಗ್‌ನ ಇಂಡಿಯನ್ ಅಂಗಡಿಗೆ ಹೋಗಿ ಸಾಮಾನು ತಾ. ಆಂಟಿಯರದ್ದೂ ತಾ."

"ಬಸ್ ತುಂಬಾ ಜನ ಕೆಮ್ತಿರ್ತಾರಮ್ಮ!"

"ಅವರೇನು ಹಂದಿಗಳಾ? ಸುಮ್ನೆ ಹೋಗು."

ಹೊರಟೆ. ಬಸ್ ಸ್ಟಾಪಿನ ದಾರಿಯಲ್ಲೇ ಗಿರಿಜಕ್ಕನ ಅಂಗಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನ ವಾಸನೆ ಹೊರಗೆ ಬಂದು ನನ್ನ ಕಾಲರ್ ಹಿಡಿದು ಒಳಗೆಳೆಯಿತು. ಗಿರಿಜಕ್ಕ ಸ್ಟೂಲಿನ ಮೇಲೆ ಕೂತು ಖಾಲಿ ಬಾಗಿಲು ನೋಡುತ್ತಿದ್ದರು.

"ಬಾರೋ ತಮ್ಮಾ. ನಿಮ್ಮವ್ವ ಈ ಕಡೆ ಬಿಟ್ಲೇನು?"

"ಇಲ್ಲ ಆಂಟಿ, ಡ್ಯಾಂಡಿನಾಂಗ್‌ಗೆ ಹೊರಟಿದ್ದೀನಿ."

"ಹೋಗಪಾ, ಎಲ್ಲಾರೂ ಅಲ್ಲೇ ಹೊಂಟಾರ. ಈ ತಿಂಗಳ ಕೊನಿಗೆ ಲೀಸ್ ಮುಗೀತೈತಿ. ಹಿಂಗಾ ಇದ್ರ ಕೀಲಿ ಹಾಕಿ ಸಿಡ್ನಿಗೆ ಹೋಗೂದು. ಪ್ಯಾರಮಟ್ಟಾದಾಗ ಮಗಳ ಅಪಾರ್ಟ್‌ಮೆಂಟ್‌ನಾಗ ಟಿವಿ ನೋಡ್ಕೋತ ಕುಂದ್ರೂದು."

ಹೇಳುತ್ತಲೇ ಬಿಸಿ ರೊಟ್ಟಿಯ ಮೇಲೆ ಚಟ್ನಿ, ಚಟ್ನಿಯ ಮೇಲೆ ಮೊಸರು ಸುರಿದು ಕೈಗಿಟ್ಟರು. ಮೊದಲ ತುತ್ತಿಗೇ ನನ್ನ ಮಹಾನ್ ಮೆದುಳು ಹೊತ್ತಿಕೊಂಡಿತು.

"ಆಂಟಿ, ಡ್ಯಾಂಡಿನಾಂಗ್ ಇಲ್ಲೇ ಇದೆ ಅಂದ್ಕೊಳ್ಳಿ."

ಆ ವಾರವೆಲ್ಲ ನಮ್ಮ ಬೀದಿ ಉಂಡದ್ದು ಗಿರಿಜಕ್ಕನ ಸಾಮಾನನ್ನೇ. ಬಸ್ಸು ಹೋಗಿ ಬರುವಷ್ಟು ಹೊತ್ತು ಅಂಗಡಿಯ ಹಿಂದಿನ ಕೋಣೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಆಮೇಲೆ ಮೂಟೆ ಹೊತ್ತು ಏದುಸಿರು ಬಿಡುತ್ತ ಮನೆಗೆ ಬಂದು ಪ್ರಯಾಣದ ಕಥೆ ಬಿಚ್ಚುತ್ತಿದ್ದೆ. ಡ್ರೈವರ್ ಸೀನಿದ್ದಕ್ಕೆ ಇಡೀ ಬಸ್ಸು ಕಿಟಕಿಯಿಂದ ಹಾರಿದ್ದು, ಒಬ್ಬಳು ಅಜ್ಜಿ ನನ್ನನ್ನೇ ಮಾಸ್ಕಿನ ಹಾಗೆ ಮುಖದ ಮುಂದೆ ಹಿಡಿದುಕೊಂಡದ್ದು. ಆಂಟಿಯರು ಬಾಯಿಗೆ ಕೈ ಇಟ್ಟುಕೊಂಡು ಕೇಳುತ್ತಿದ್ದರು. ಜಾರ್ಜನಿಗೂ ಹೇಗೋ ವಿಷಯ ತಿಳಿದು, ಪಾಪ, ಹಂದಿಗಳನ್ನು ಕಿಟಕಿಯ ಆಚೆ ತುದಿಗೆ ಸರಿಸಿದ.

ಅಮ್ಮನೋ, ಡ್ಯಾಂಡಿನಾಂಗಿನದೆಂದು ನಾನು ತಂದ ಆ ಚಟ್ನಿಯನ್ನು ನೀರುದೋಸೆಗೆ ಸವರಿಕೊಂಡು ಕಣ್ಣು ಮುಚ್ಚಿದಳು. "ಕ್ಲೀನ್ ಅಂಗಡಿದ್ದು ಅಂದ್ರೆ ಹೀಗಿರ್ತದೆ ನೋಡು. ಆ ಗಿರಿಜಕ್ಕನಿಗೆ ಈ ಹದ ಎಲ್ಲಿಂದ ಬರ್ಬೇಕು?"

ದೋಸೆ ಗಂಟಲಿಗೆ ಸಿಕ್ಕಿ ಕೆಮ್ಮಿದೆ. ತಕ್ಷಣ ಬಾಯಿಗೆ ಥರ್ಮಾಮೀಟರ್ ಬಂತು.

ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಎಷ್ಟೋ ವರ್ಷ ಜೋರಾಗಿ ವ್ಯಾಪಾರ ಮಾಡಿ, ಮಂಡಿ ನೋವು ಬಂದ ಮೇಲೆ ಗಿರಿಜಕ್ಕ ತಾವಾಗಿಯೇ ಪ್ಯಾರಮಟ್ಟಾಕ್ಕೆ ಹೋದರು. ನನ್ನ ಮನೆಗೆ ಈಗ ಫೋನಿನಲ್ಲಿ ಬೆರಳೊತ್ತಿದರೆ ಸಾಮಾನು ಬಂದು ಬಾಗಿಲಲ್ಲಿ ಬೀಳುತ್ತದೆ. ತಂದವನ ಬೆನ್ನಷ್ಟೇ ಕಾಣುತ್ತದೆ. "ನಿಮ್ಮವ್ವ ಹೆಂಗದಾಳೋ?" ಎಂದು ಕೇಳುವವರಿಲ್ಲ. ಸುಳ್ಳು ಹೇಳಿ ಉಳಿಸಬೇಕು ಅನ್ನಿಸುವಂಥ ಒಂದು ಅಂಗಡಿಯೂ ನನ್ನ ಸಬರ್ಬ್‌ನಲ್ಲಿಲ್ಲ.

ಇರಲಿ. ಶಾಲೆ ತೆರೆದ ಸೋಮವಾರದ ಸಂಜೆಗೆ ಬರೋಣ. ನನಗೆ ಸೊಕ್ಕು ಏರಿತ್ತು. ಹಿಂದಿನ ಕೋಣೆ ಬಿಟ್ಟು ಕೌಂಟರಿನ ಮೇಲೇ ಕೂತಿದ್ದೆ. ಕೈಯಲ್ಲಿ ರೊಟ್ಟಿ ಹಿಡಿದು, ಅಮ್ಮನ ದನಿಯಲ್ಲೇ, "ಆ ಗಿರಿಜಕ್ಕನಿಗೆ ಈ ಹದ ಎಲ್ಲಿಂದ ಬರ್ಬೇಕು?" ಎಂದು ಅಭಿನಯಿಸುತ್ತಿದ್ದೆ. ಗಿರಿಜಕ್ಕ ಹೊಟ್ಟೆ ಹಿಡಿದು ನಗುತ್ತಿದ್ದರು. ತಟ್ಟನೆ ನಗು ನಿಂತಿತು. ಶೇಂಗಾ ಕೊಳ್ಳಲು ಬಂದಿದ್ದ ಜಾರ್ಜ್, ಒಂದಕ್ಷರ ಕನ್ನಡ ಬಾರದಿದ್ದರೂ, ಮೆಲ್ಲಗೆ ಜಾಗ ಖಾಲಿ ಮಾಡಿದ.

ತಿರುಗಿದೆ. ಬಾಗಿಲಲ್ಲಿ ಅಮ್ಮ. ಮೂಗಿಗೆ ದುಪಟ್ಟಾ ಸುತ್ತಿತ್ತು, ಕೈಯಲ್ಲಿ ಚಟ್ನಿಯ ಖಾಲಿ ಡಬ್ಬಿ ಇತ್ತು.

"ಡ್ಯಾಂಡಿನಾಂಗಿಂದ ಬರ್ತಾ ಇದ್ದೇನೆ," ಎಂದಳು. "ಅಲ್ಲಿ ಇಂಥಾ ಚಟ್ನಿಯೇ ಇಲ್ವಂತೆ."

ಅಮ್ಮ ಕೌಂಟರಿನ ತನಕ ಬಂದಳು. ಮೂಗಿನಿಂದ ದುಪಟ್ಟಾ ಇಳಿಸಿದಳು. ಹುರಿದ ಶೇಂಗಾದ ವಾಸನೆಯನ್ನು ಒಮ್ಮೆ ಎಳೆದುಕೊಂಡು, ಡಬ್ಬಿಯನ್ನು ಗಿರಿಜಕ್ಕನ ಮುಂದೆ ಇಟ್ಟಳು.

"ತುಂಬಿಸಿ ಗಿರಿಜಕ್ಕ. ಉಳಿದವರಿಗೂ ನಾನೇ ಹೇಳ್ತೇನೆ."

ಆಮೇಲೆ, ನನ್ನ ಮುಖ ಕೂಡ ನೋಡದೆ:

"ಇಳಿ ಕೆಳಗೆ. ಇನ್ನು ಸಾಮಾನಿಗೆ ನಾನೇ ಬರ್ತೇನೆ. ಆ ರೊಟ್ಟಿ ಅಲ್ಲೇ ಇಡು."