ದೀಪದೆದುರು ಹೇಳಿದ ಇಂಗ್ಲಿಷ್ ವಾಕ್ಯ

ನಮ್ಮ ಇಂಗ್ಲಿಷ್ ಮಾಷ್ಟ್ರಿಗೆ ಕೆಲವು ಕ್ರಿಯಾಪದಗಳ ಮೇಲೆ ಸ್ವಂತ ಮಕ್ಕಳ ಮೇಲಿನಷ್ಟೇ ಅಕ್ಕರೆ. ‘ಡಿವೋಟ್’ ಅವುಗಳಲ್ಲಿ ಹಿರಿಯ ಮಗಳು. “ಡಿವೋಟ್ ಬಂತು ಅಂತಾದ್ರೆ ಹಿಂದೆಯೇ ‘ಟು’ ಬರಬೇಕು, ಮದುಮಗಳ ಹಿಂದೆ ದಿಬ್ಬಣ ಬಂದ ಹಾಗೆ,” ಎನ್ನುತ್ತಿದ್ದರು. “ಜೀವನವನ್ನು ಡಿವೋಟ್ ಮಾಡ್ಬಹುದು, ಸಮಯವನ್ನು ಮಾಡ್ಬಹುದು. ಕೊಡೆಯನ್ನು ಮಾಡ್ಲಿಕ್ಕಾಗುವುದಿಲ್ಲ. ಗೊತ್ತಾಯ್ತಾ?”

ಎಸ್ಸೆಸೆಲ್ಸಿಯಲ್ಲಿ ‘ನನ್ನ ಮಹದಾಸೆ’ ಎಂಬ ಪ್ರಬಂಧ ಬಂದೇ ಬರುತ್ತದೆಂದು ಅವರ ನಂಬಿಕೆ. ಅದರ ಕೊನೆಯ ವಾಕ್ಯವನ್ನು ತಾವೇ ಕಟ್ಟಿಕೊಟ್ಟಿದ್ದರು: ಐ ಶಲ್ ಡಿವೋಟ್ ಮೈ ಲೈಫ್ ಟು ದಿ ಎಜುಕೇಶನ್ ಆಫ್ ಚಿಲ್ಡ್ರನ್. ಇಡೀ ತರಗತಿ ದಿನಾ ಸಂಜೆ ಒಂದೇ ರಾಗದಲ್ಲಿ ಮಕ್ಕಳ ವಿದ್ಯೆಗೆ ಜೀವನ ಒಪ್ಪಿಸಿ, ಬಲ್ಮಠದ ಇಳಿಜಾರಿನಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಮನೆಗೆ ಓಡುತ್ತಿತ್ತು.

ಮನೆಯಲ್ಲಿ ಮಾತು ಅಷ್ಟು ಹಗುರ ಅಲ್ಲ. ನಾನು ಮಾತು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ. ಹಿತ್ತಿಲ ಬಳ್ಳಿಯ ಮೊದಲ ಸೌತೆಕಾಯಿ ಮನೆಯ ದೈವಕ್ಕೆ ಎಂದು ಅಜ್ಜಿ ಒಮ್ಮೆ ಬಾಯಿ ಬಿಟ್ಟು ಹೇಳಿದರೆ, ಅಡುಗೆಗೆ ಬೇರೇನೂ ಇಲ್ಲದ ದಿನವೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಹೇಳಿ ತಪ್ಪಿದರೆ ದೀಪದ ಮುಂದೆ ನಿಂತು ಒಪ್ಪಿಕೊಳ್ಳಬೇಕು, ತಪ್ಪುಕಾಣಿಕೆ ಇಡಬೇಕು. ಈ ತಪ್ಪುಕಾಣಿಕೆಯ ಭಯದಿಂದಲೇ ನಮ್ಮ ಮನೆಯಲ್ಲಿ ಯಾರೂ ‘ನೋಡುವ’ ಎನ್ನುವುದಕ್ಕಿಂತ ಹೆಚ್ಚಿನ ಮಾತು ಕೊಡುತ್ತಿರಲಿಲ್ಲ.

ನಾನು ಪಾಸಾದೆ. ಟೀಚರ್ಸ್ ಟ್ರೈನಿಂಗಿಗೆ ಕಳಿಸಬೇಕೆಂದು ಅಮ್ಮ, ಮದುವೆ ಮಾಡಬೇಕೆಂದು ಮಾವ. ನಮ್ಮಲ್ಲಿ ತಾಯಿಯ ಅಣ್ಣನದ್ದೇ ಕೊನೆಯ ಮಾತು. ಮಾವ ತಂದ ಸಂಬಂಧದ ಹುಡುಗ ಬಂದರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಅವರನ್ನು ನಾನು ರಥಬೀದಿಯಲ್ಲಿ ಎರಡು ಮೂರು ಸಲ ನೋಡಿದ್ದೆ. ಮುಚ್ಚಿಡುವುದೇನು, ಈ ಸಂಬಂಧ ಆಗಲಿ ಎಂದು ನನ್ನ ಮನಸ್ಸು ಬಲವಾಗಿ ಬಯಸಿತ್ತು. ಆದರೆ ಹೆಣ್ಣುಮಕ್ಕಳು ಅದನ್ನು ಮುಖದಲ್ಲಿ ಸಹ ತೋರಿಸುವ ಕಾಲವಲ್ಲ ಅದು.

ಹುಡುಗನ ಕಡೆಯವರು ಹೊಳೆಯಾಚೆಯವರು. ದೋಣಿ ತಡವಾಗಿ, ಹುಡುಗ, ಅವರ ತಾಯಿ, ಭಾವ ಬಂದು ಕೂತಾಗ ಅಜ್ಜಿ ಚಾವಡಿಯಲ್ಲಿ ದೈವ ಕೂರುವ ಮಂಚದ ಮುಂದೆ ದೀಪ ಹಚ್ಚಿಯಾಗಿತ್ತು. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ. ನಾನು ಕಾಫಿ, ಗೋಳಿಬಜೆ ಕೊಟ್ಟು ನಿಂತೆ. ಹುಡುಗನ ಭಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟವರು. ಅವರು ಕಾಲ ಮೇಲೆ ಕಾಲು ಹಾಕಿ ಕೇಳಿದರು: “ಎಸ್ಸೆಸೆಲ್ಸಿ ಅಂತೆ. ಎಂತಾದ್ರೂ ಇಂಗ್ಲಿಷ್ ಹೇಳಲಿ, ಕೇಳುವ.”

“ಹೇಳು ಮಗಾ, ಹೆದರ್ಬೇಡ,” ಎಂದರು ಮಾವ.

ಎದೆ ಡವಗುಟ್ಟುವಾಗ ಬಾಯಿಗೆ ಬರುವುದು ಬಾಯಿಪಾಠವೇ. ಡಿವೋಟ್, ಅದರ ಹಿಂದೆ ಟು, ಎಲ್ಲ ಸರಿಯಾಗಿ ಸೇರಿಸಿ, ಒಂದೇ ಉಸಿರಿನಲ್ಲಿ ಆ ವಾಕ್ಯ ಹೇಳಿಬಿಟ್ಟೆ.

“ಫಸ್ಟ್‌ಕ್ಲಾಸ್!” ಎಂದರು ಭಾವ.

“ಎಂತ ಹೇಳಿದ್ದು ಅವಳು?” ಹುಡುಗನ ತಾಯಿ ಕೇಳಿದರು.

ಮಾವನಿಗೆ ಹೆಮ್ಮೆ ತಡೆಯಲಿಲ್ಲ. “ನನ್ನ ಜೀವನವನ್ನು ಮಕ್ಕಳ ವಿದ್ಯೆಗೆ ಮುಡಿಪಾಗಿ ಇಡ್ತೇನೆ ಅಂತ ಹೇಳಿದ್ಲು, ಅಕ್ಕ.”

ಆ ತಾಯಿ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ದೀಪ ನೋಡಿದರು, ದೈವದ ಮಂಚ ನೋಡಿದರು, ಆಮೇಲೆ ನನ್ನನ್ನು. “ಮುಡಿಪು ಇಟ್ಟಾಯ್ತಾ ಹಾಗಾದ್ರೆ?”

“ಛೆ, ಅದು ಇಂಗ್ಲಿಷಿನಲ್ಲಿ ಹೇಳಿದ್ದಲ್ವಾ ಅಕ್ಕ!”

“ದೈವಕ್ಕೆ ಇಂಗ್ಲಿಷ್ ಗೊತ್ತಿಲ್ಲ ಅಂತ ನಿಮ್ಗೆ ಯಾರು ಹೇಳಿದ್ದು? ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ನಿಂತು ಬಾಯಿ ಬಿಟ್ಟಿದ್ದಾಳೆ. ಇಟ್ಟಾದದ್ದನ್ನು ನಾವು ಎತ್ತಿಕೊಂಡು ಹೋಗುವುದು ಹೇಗೆ? ನಾಳೆ ಏನಾದ್ರೂ ಆದ್ರೆ?”

“ಅತ್ತೆ, ಅದು ಪರೀಕ್ಷೆಗೆ ಕಲಿತದ್ದು ಮಾರಾಯ್ರೆ,” ಎಂದು ಭಾವ ನಗಲು ನೋಡಿದರು. ಯಾರೂ ಜೊತೆಗೂಡಲಿಲ್ಲ. ಮಾವ ಅಜ್ಜಿಯ ಕಡೆ ತಿರುಗಿದರು, ಅಜ್ಜಿಯಾದರೂ ಬಿಡಿಸಿಯಾಳೆಂದು. ಅಜ್ಜಿ ಸೆರಗು ಸರಿಮಾಡಿಕೊಂಡು, “ಅವರು ಹೇಳುವುದು ಸರಿ ಉಂಟು,” ಎಂದಳು. “ಮಗಾ, ಮನಸ್ಸಿಟ್ಟು ಹೇಳಿದ್ದಾ, ಬಾಯಿಗೆ ಬಂದದ್ದಾ? ಬಾಯಿಗೆ ಬಂದದ್ದಾದ್ರೆ ದೀಪಕ್ಕೆ ಹೇಳು, ತಪ್ಪುಕಾಣಿಕೆ ಇಡು. ಮನಸ್ಸಿಟ್ಟು ಹೇಳಿದ್ದಾದ್ರೆ ಇವರು ಕಾಫಿ ಕುಡಿದು ಹೋಗಲಿ. ಬೇಜಾರಿಲ್ಲ.”

ಆ ಹೊತ್ತಿನ ನಾಚಿಕೆ ಇವತ್ತಿಗೂ ನನ್ನ ಕಿವಿಯ ತುದಿಯಲ್ಲಿ ಬಿಸಿಯಾಗಿದೆ. ಸುಮ್ಮನಿದ್ದರೆ ಅವರು ಎದ್ದು ದೋಣಿಗೆ ನಡೆಯುತ್ತಾರೆ. ಬಾಯಿಪಾಠ ಎಂದು ಒಪ್ಪಿಕೊಂಡರೆ, ಈ ಹುಡುಗಿಗೆ ಈ ಹುಡುಗ ಬೇಕಾಗಿದೆ ಎಂದು ಚಾವಡಿಯಲ್ಲಿ ಡಂಗುರ ಹೊಡೆದ ಹಾಗೆ. ಇಂಗ್ಲಿಷಿನಲ್ಲಿ ಜೀವನವನ್ನೇ ಕೊಟ್ಟವಳಿಗೆ ತುಳುವಿನಲ್ಲಿ ಒಂದು ಮಾತು ಹೊರಡದು.

ಅಜ್ಜಿ ನನ್ನ ಅಂಗೈಗೆ ನಾಲ್ಕಾಣೆಯ ಒಂದು ಪಾವಲಿ ಒತ್ತಿದಳು. ನಾನು ಅದನ್ನು ದೀಪದ ಮುಂದೆ ಇಟ್ಟು ನಿಂತೆ. “ಬಾಯಿಪಾಠ ಹೇಳಿದ್ದು. ತಪ್ಪಾಯ್ತು,” ಎಂದೆ.

“ಕೇಳುವುದಿಲ್ಲ,” ಎಂದರು ಹುಡುಗನ ತಾಯಿ.

ಮತ್ತೆ ಹೇಳಿದೆ, ಗಟ್ಟಿಯಾಗಿ. ಬಾಗಿಲ ಸಂದಿಯಲ್ಲಿದ್ದ ನೆರೆಮನೆಯ ಹೆಂಗಸು ಕಿಸಕ್ಕನೆ ನಕ್ಕು, “ಅಯ್ಯೋ ಮಾರಾಯ್ತಿ, ಅವಸರ ನೋಡು ಇವಳಿಗೆ!” ಎಂದಳು. ನೆಲ ಬಿರಿದರೆ ಸಾಕೆನಿಸಿತು.

ಆಗ ಹುಡುಗ ಮೊದಲ ಸಲ ಬಾಯಿ ತೆರೆದರು. “ಅಮ್ಮ, ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದದ್ದು. ನಮ್ಮ ಮಾಷ್ಟ್ರು ಎಲ್ಲರ ಹತ್ರವೂ ಬರೆಸ್ತಿದ್ದರು.”

“ನೀನೂ ಇಟ್ಟಿದ್ದೀಯಾ ಮುಡಿಪು?” ತಾಯಿ ಹೌಹಾರಿದರು. “ಏಳು ಏಳು, ನೀನೂ ಒಂದು ಪಾವಲಿ ಇಡು!”

ಚಾವಡಿಗೆ ಚಾವಡಿಯೇ ನಕ್ಕಿತು. ನನ್ನ ಪಾವಲಿಯ ಪಕ್ಕ ಅವರೂ ಒಂದನ್ನು ಇಟ್ಟರು. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು. ಮುಂದೆ ಮದುವೆಯಾಗಿ ಸುಖವಾಗಿಯೇ ಬಾಳಿದೆವು, ಅದರಲ್ಲಿ ದೂರಿಲ್ಲ.

ಖಾಲಿ ಲೋಟಗಳನ್ನು ಎತ್ತಿಕೊಂಡು ನಾನು ಅಡುಗೆಮನೆಗೆ ಹೋದೆ. ಅಮ್ಮ ಒಲೆಯ ಮುಂದೆ ಕೂತಿದ್ದಳು. ಎಣ್ಣೆ ಬಾಣಲೆಯನ್ನು ಕೆಳಗಿಳಿಸಿ ಬಹಳ ಹೊತ್ತಾಗಿತ್ತು, ಆದರೂ ಏಳಲಿಲ್ಲ.

“ಬಾಯಿಪಾಠವಾ ಅದು?” ಎಂದು ಕೇಳಿದಳು.

ನಾನು ಲೋಟಗಳನ್ನು ಒಂದೊಂದಾಗಿ ಕೆಳಗಿಟ್ಟೆ.

“ನೀನು ಓದುವಾಗ ಒಂದು ದಿನ ನಾನು ಅರ್ಥ ಕೇಳಿದ್ದೆ. ನೀನು ಹೇಳಿದ್ದೆ. ನಾನು ನಿಜ ಅಂತಲೇ ತಿಳ್ಕೊಂಡಿದ್ದೆ, ಮಗಾ. ಆ ಟ್ರೈನಿಂಗಿಗೆ ಅಂತ ಅಣ್ಣನ ಹತ್ರ ಎಷ್ಟು ಜಗಳ ಮಾಡಿದ್ದೇನೆ ನಾನು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆನೋ ಏನೋ. ಟ್ರೈನಿಂಗು ನನಗೆ ಬೇಕಿತ್ತೋ ಬೇಡವೋ ಎಂದು ಅದುವರೆಗೆ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಬೇಡ ಎಂದು ಮಾತ್ರ ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಿ ಬಂದಿದ್ದೆ.

ಎಲೆಯಡಿಕೆಯ ತಟ್ಟೆ ತಾ ಎಂದು ಮಾವ ಹೊರಗಿನಿಂದ ಕೂಗಿದರು. ಅಮ್ಮನ ಮುಖ ನೋಡದೆ ತಟ್ಟೆ ಎತ್ತಿಕೊಂಡು ಹೋದೆ.