ಎಣ್ಣೆ ಹಾಕದ ಡಬ್ಬಿ

ನಾಗಪುರದ ಸಿವಿಲ್ ಲೈನ್ಸಿನ ಒಂದು ಧಾನ್ಯ ಪ್ರಯೋಗಾಲಯದಲ್ಲಿ ಉಮಾಪತಿಗೆ ಹುಳ ಸಾಕುವ ಕೆಲಸ. ನಗಬೇಡಿ, ಸರ್ಕಾರಿ ಸಂಬಳದ ನೌಕರಿ. ಕಾಳು ತಿನ್ನುವ ನುಸಿಯನ್ನು ಇವನು ಗಾಜಿನ ಭರಣಿಯಲ್ಲಿ ಬೆಳೆಸಿ ಕೊಟ್ಟರೆ, ಸಾಹೇಬರು ಲವಂಗದೆಣ್ಣೆ, ನೀಲಗಿರಿ ಎಣ್ಣೆಯ ಘಾಟು ಬಿಟ್ಟು ಕೊಲ್ಲುತ್ತಾರೆ. ಹತ್ತೊಂಬತ್ತು ವರ್ಷದಿಂದ ಹೀಗೇ. ಅವನಿಗೂ ಬಡ್ತಿಯಿಲ್ಲ, ಹುಳಕ್ಕೂ ಇಲ್ಲ.

ಈ ಮಳೆಗಾಲ ನುಸಿ ಅವನ ಮನೆಗೇ ಬಂತು. ಹೆಂಡತಿ ಅನಸೂಯಳ ಅವ್ವ ಬಾಗಲಕೋಟೆ ಕಡೆಯಿಂದ ತಾನೇ ಕೇರಿ, ಹಸನು ಮಾಡಿ ಕಳಿಸಿದ್ದ ಅರ್ಧ ಚೀಲ ಬಿಳಿಜೋಳಕ್ಕೆ ಹತ್ತಿಕೊಂಡಿತು. ಕಳಿಸಿದ ತಿಂಗಳಿಗೇ ಆಕೆ ತೀರಿಕೊಂಡಳು. ಅನಸೂಯ ಅತ್ತಿರಲಿಲ್ಲ, ಜೋಳ ಬೀಸಿಸಿಯೂ ಇರಲಿಲ್ಲ. ದಿನಾ ಚೀಲದ ಬಾಯಿ ಬಿಚ್ಚಿ, ಮೂಸಿ, ಮತ್ತೆ ಕಟ್ಟುತ್ತಿದ್ದಳು.

“ಹುಳ ಸಾಯೋ ಗುಳಿಗಿ ಇಟ್ಟೀರಿ ಮತ್ತ, ಅದು ವಿಷ. ನಿಮ್ಮ ಎಣ್ಣೀನ ಹಾಕ್ರಿ. ಒಂದ್ ಕಾಳೂ ಹಾಳಾಗಬಾರ್ದು ನೋಡ್ರಿ,” ಎಂದಳು.

“ನನಗ ಹೇಳ್ತಿ? ಬರೋಬರ್ ಮಾಡ್ತೀನಿ ಬಿಡು,” ಎಂದ ಉಮಾಪತಿ.

ಬರೋಬರ್ ಮಾಡಿದ, ಅದೇ ತಪ್ಪಾಯಿತು. ಜೋಳವನ್ನು ಸಮನಾಗಿ ಎರಡು ಡಬ್ಬಿಗೆ ತುಂಬಿದ. ಒಂದರಲ್ಲಿ ಲವಂಗದೆಣ್ಣೆ ಹನಿಸಿದ ಹತ್ತಿಯಿಟ್ಟು ಮುಚ್ಚಿದ. ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಹೋಲಿಸಿ ನೋಡಲು ಎಣ್ಣೆಯಿಲ್ಲದ್ದೊಂದು ಇರಬೇಕಲ್ಲ, ಇಲ್ಲದಿದ್ದರೆ ಹುಳ ಎಣ್ಣೆಯಿಂದಲೇ ಸತ್ತಿತೆಂದು ಹೇಳುವುದು ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನೌಕರಿಯ ಗುಣವೂ ಅಷ್ಟೇ.

ಒಂದೂವರೆ ತಿಂಗಳ ಮೇಲೆ ಎರಡನ್ನೂ ತೆರೆದ. ಎಣ್ಣೆಯದರಲ್ಲಿ ಹುಳವೆಲ್ಲ ಸತ್ತು ಕಾಳು ಗಟ್ಟಿಯಾಗಿತ್ತು. ಇನ್ನೊಂದರಲ್ಲಿ ಬರೀ ಪುಡಿ, ಹೊಟ್ಟು, ಓಡಾಡುವ ನುಸಿ. “ಬಾ ಇಲ್ಲೆ, ಎಷ್ಟ್ ಫರಕ್ ಐತಿ ನೋಡು!” ಎಂದು ಹೆಂಡತಿಯನ್ನು ಕರೆದೇಬಿಟ್ಟ, ಮಹಾರಾಯ.

ಅನಸೂಯ ನೋಡಿದಳು. “ಪರೀಕ್ಷಾ ಮಾಡಾಕ ನಮ್ಮವ್ವನ ಜ್ವಾಳಾನ ಸಿಕ್ತೇನ್ರಿ ನಿಮಗ?”

ಉಮಾಪತಿಗೆ ಆಗ ಹೊಳೆಯಿತು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಅವಳು ಎಣ್ಣೆ ಹಾಕಿದ ಡಬ್ಬಿಯ ಜೋಳ ಬೀಸಿಸಿ ರೊಟ್ಟಿ ಬಡಿದಳು. ಬಾಯಿಗಿಟ್ಟರೆ ಲವಂಗವೋ ಲವಂಗ. ತಟ್ಟೆ ಸರಿಸಿ ಎದ್ದುಹೋದಳು.

ಭಾನುವಾರ ಉಮಾಪತಿ ಹಾಳಾದ ಡಬ್ಬಿಯನ್ನು ಮೊರಕ್ಕೆ ಸುರಿದುಕೊಂಡು ಕೂತ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಗಟ್ಟಿ ಕಾಳು ಆರಿಸಿದ. ಎರಡು ಬೊಗಸೆ ಸಿಕ್ಕಿತು. ಮಿಕ್ಸರಿನಲ್ಲಿ ತಾನೇ ಹಿಟ್ಟು ಮಾಡಿಕೊಟ್ಟ.

ಅನಸೂಯ ರೊಟ್ಟಿ ಬಡಿದು, ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡಳು. ಲವಂಗದ ಸುಳಿವಿಲ್ಲ, ಬರೀ ಜೋಳದ ರುಚಿ. ಅಗಿಯುತ್ತ ಅಗಿಯುತ್ತಲೇ ಅಳತೊಡಗಿದಳು.

“ಅವ್ವ ಹೋದ್ಳಲ್ರೀ,” ಎಂದಳು.

“ಹೌದು,” ಎಂದ ಉಮಾಪತಿ. “ಉಣ್ಣು.”