ಸೂಜಿ ಕುದಿಸಿದ ಹಾಲು

ಹಾಫಿಯಾ ಮಾಟಗಾತಿಯಾದದ್ದು ತನ್ನ ಮೂವತ್ತೊಂದನೇ ವಯಸ್ಸಿನಲ್ಲಿ, ಒಂದು ಕವೆಗೋಲಿನ ದೆಸೆಯಿಂದ. ಗಂಡ ಸತ್ತ ವರ್ಷ ಗಿರಣಿಯ ತೆರೆಷ್ಕೊ ಹಿತ್ತಿಲ ಬಾಗಿಲಿನಿಂದ ಸಮಾಧಾನ ಹೇಳಲು ಬಂದ. ಒಲೆಯಿಂದ ಮಡಕೆ ತೆಗೆಯುವ ಕವೆಗೋಲಿನಲ್ಲಿ ಅವಳು ಅವನ ಬೆನ್ನಿಗೆ ಚೆನ್ನಾಗಿ ಬಾರಿಸಿದಳು. ಹೆಂಗಸಿನ ಕೈಯಲ್ಲಿ ಏಟು ತಿಂದೆ ಎನ್ನಲು ಅವನ ಮೀಸೆ ಬಿಡಲಿಲ್ಲ. ಅವಳ ಹಿತ್ತಿಲಲ್ಲಿ ಕರಿಬೆಕ್ಕೊಂದು ಕುದುರೆಯಷ್ಟು ಬೆಳೆದು ತನ್ನನ್ನು ಎತ್ತಿ ಒಗೆಯಿತು ಎಂದ. ಪೊಲೀಸ್ಯ ಎಂಬ ಜೌಗುಸೀಮೆಯ ನಮ್ಮೂರಿಗೆ ಅಷ್ಟು ಸಾಕಾಯಿತು.

ಹಾಫಿಯಾ ಅಲ್ಲಗಳೆಯಲಿಲ್ಲ. ಯಾಕೆ ಅಲ್ಲಗಳೆಯಬೇಕು? ಅವಳ ಸೇಬಿನ ಮರಕ್ಕೆ ಯಾರೂ ಕಲ್ಲು ಬೀಸುತ್ತಿರಲಿಲ್ಲ. ಹುಲ್ಲಿನ ಕೊಯ್ಲು ಬಂದರೆ ಗಂಡಸರು ಮೊದಲು ಅವಳ ಹುಲ್ಲುಗಾವಲಿಗೇ ಕುಡುಗೋಲು ಹಿಡಿದು ಬರುತ್ತಿದ್ದರು, ಕೂಲಿಯ ಮಾತೆತ್ತದೆ. ಮೂವತ್ತೈದು ಚಳಿಗಾಲ ಅವಳ ಹಸು ಮೇಯ್ದದ್ದು ಊರಿನ ಹೆದರಿಕೆಯನ್ನೇ. ಮಾಟಗಾತಿಯನ್ನು ನಾವು ವಿದ್ಮಾ ಎನ್ನುತ್ತೇವೆ, ಬಲ್ಲವಳು ಎಂದು. ಹಾಫಿಯಾ ಬಲ್ಲದ್ದು ಬೇಲಿಯಾಚೆ ಕಾಣುವಷ್ಟನ್ನು ಮಾತ್ರ. ಆದರೆ ಅವಳ ಬೇಲಿ ಗಿಡ್ಡ, ಕಣ್ಣು ಚುರುಕು, ಮುಂಜಾನೆ ನಿದ್ದೆ ಕಡಿಮೆ.

ಮೂವತ್ತಾರನೆಯ ವರ್ಷ ಹುಲ್ಲಿನ ಕೊಯ್ಲಿಗೆ ಒಂದು ವಾರವಿರುವಾಗ ಪಕ್ಕದ ಮನೆಯ ಮೆಲಾಶ್ಕಾಳ ಹಸು ಬತ್ತಿತು. ಮಾಟದಿಂದ ಹಾಲು ಕದ್ದವಳು ಯಾರೆಂದು ಕೇಳಬೇಕೆ? ಮೆಲಾಶ್ಕಾ ಸಿಕ್ಕಷ್ಟು ಹಾಲಿಗೆ ಒಂದು ಹಿಡಿ ಸೂಜಿ ಹಾಕಿ ಕುದಿಯಲಿಟ್ಟಳು. ಹಾಲು ಕುದಿದರೆ ಕಳ್ಳಿಯ ಹೊಟ್ಟೆಯಲ್ಲಿ ಸೂಜಿ ಆಡುತ್ತದೆ. ತಾಳಲಾರದೆ ಓಡಿಬಂದು ಉಪ್ಪು ಕಡ ಕೇಳುತ್ತಾಳೆ. ಕೇಳಿದವಳೇ ಕಳ್ಳಿ. ಓಣಿಯ ಹೆಂಗಸರೆಲ್ಲ ಸೌದೆ ಹಿಡಿದು ಬಾಗಿಲ ಹಿಂದೆ ಕಾದರು.

ಸೀದ ಹಾಲಿನ ವಾಸನೆ ಹಾಫಿಯಾಳ ಮೂಗಿಗೂ ಬಡಿಯಿತು. ಹೋದರೆ ಬೆನ್ನು ಮುರಿಯುತ್ತಾರೆ. ಹೋಗದಿದ್ದರೆ ಇವಳು ವಿದ್ಮಾ ಅಲ್ಲವೆಂದಾಗುತ್ತದೆ, ಹುಲ್ಲು ಕೊಯ್ಯಲು ಒಬ್ಬನೂ ಬರುವುದಿಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಮೆಲಾಶ್ಕಾಳ ಗಂಡ ಓನಿಸ್ಕೊ ಮುಖ ಹುಳ್ಳಗೆ ಮಾಡಿಕೊಂಡು ಬೇಲಿಯ ಹತ್ತಿರ ಬಂದ. ಹೆಂಡತಿ ಏಳುವ ಮೊದಲೇ ಹಸು ಕರೆದು ಹೆಂಡದಂಗಡಿಗೆ ಹಾಲು ಸಾಗಿಸುತ್ತಿದ್ದವನು ಇವನೇ. ಹಾಫಿಯಾ ಎಂಟು ದಿನದಿಂದ ನೋಡುತ್ತಿದ್ದಳು.

"ಅತ್ತೆ, ಆ ಸೂಜಿ... ಗಂಡಸರಿಗೂ ಚುಚ್ಚುತ್ತಾ?"

"ಯಾಕೋ, ಹೊಟ್ಟೆ ನೋಯ್ತಿದ್ಯಾ?"

"ಬೆಳಗ್ಗೆ ಇರ್ಲಿಲ್ಲ. ಈಗ ಒಂಚೂರು..."

"ಎಡಗಡೆ ತಾನೆ?"

ಓನಿಸ್ಕೊನ ಕೈ ತಾನಾಗಿಯೇ ಎಡಗಡೆಗೆ ಹೋಯಿತು. "ಅಯ್ಯಯ್ಯೋ, ಹೌದತ್ತೆ!"

"ಹಂಗಾದ್ರೆ ಉಳಿಯೋಕೆ ಒಂದೇ ದಾರಿ ಕಣಪ್ಪ. ಒಂದು ಚಿಟಿಕೆ ಉಪ್ಪು. ಓಡು!"

ತನ್ನ ಮನೆಯ ಬಾಗಿಲನ್ನೇ ತಟ್ಟಿ, ತನ್ನ ಹೆಂಡತಿಯನ್ನೇ ಉಪ್ಪು ಕಡ ಕೇಳಿದ ಗಂಡಸು ನಮ್ಮೂರಲ್ಲಿ ಅವನೊಬ್ಬನೇ. ಸೌದೆಗಳಿಗೆ ಕೆಲಸ ಸಿಕ್ಕಿತು.

ಹಾಫಿಯಾ ಬೆನ್ನು ಉಳಿಸಿಕೊಂಡಳು, ಹೆಸರು ಕಳೆದುಕೊಂಡಳು. "ಪಾಪ, ಸಾಧು ಹೆಂಗಸು" ಎಂದಿತು ಊರು. ಮರುದಿನವೇ ಅವಳ ಮರದ ಎರಡು ಕೊಂಬೆ ಬೋಳಾದವು, ಇನ್ನೂ ಹುಳಿಗಾಯಿ ಅಂತಲೂ ನೋಡದೆ. ಕೊಯ್ಲು ಶುರುವಾದರೂ ಒಬ್ಬನೂ ಇತ್ತ ಸುಳಿಯಲಿಲ್ಲ. ಅವಳೇ ಕುಡುಗೋಲು ಹಿಡಿದಳು. ಅರ್ಧ ಸಾಲು ಕೊಯ್ಯುವುದರೊಳಗೆ ಸೊಂಟ ಹಿಡಿಯಿತು, ಹುಲ್ಲಿನ ಮೇಲೆ ಕೂತು ಗಳಗಳನೆ ಅತ್ತಳು.

ಮೂರನೆಯ ದಿನ ಬೆಳಗ್ಗೆ ಕುಡುಗೋಲುಗಳ ಸಾಲೊಂದು ಬಂತು. ಮುಂದೆ ಕುಂಟುತ್ತ ಓನಿಸ್ಕೊ.

"ನಾನಾಗಿ ಕದ್ದಿದ್ದಲ್ಲ ಕಣ್ರೋ, ಅವಳೇ ಮಾಟ ಮಾಡಿ ನನ್ ಕೈಲಿ ಹಾಲು ಕರೆಸಿದ್ದು! ಇಲ್ದಿದ್ರೆ ನೋವು ಎಡಗಡೆ ಅಂತ ನಾನು ಹೇಳೋಕ್ ಮುಂಚೆನೇ ಅವಳಿಗೆ ಹೆಂಗ್ ಗೊತ್ತಾಯ್ತು?"

ಹಾಫಿಯಾ ಅವನ ಎಡಗಡೆಯನ್ನೇ ನೋಡಿ ಒಮ್ಮೆ ಕೆಮ್ಮಿದಳು. ಕುಡುಗೋಲುಗಳು ಇನ್ನೂ ಜೋರಾಗಿ ಬೀಸಿದವು.

ಮಧ್ಯಾಹ್ನ ಮೆಲಾಶ್ಕಾ ಒಂದು ಹೂಜಿ ಹಾಲು ತಂದು, ಮನೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದ ಹಾಫಿಯಾಳ ಪಕ್ಕ ನಿಂತಳು. "ಅತ್ತೆ, ಹಾಲು ಎಲ್ಲಿಗೆ ಹೋಗ್ತಿತ್ತು ಅಂತ ನಂಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ಲ. ಸೂಜಿನೇ ಹೇಳ್ಲಿ ಅಂತ ಇಟ್ಟೆ."

"ಮತ್ತೆ ಆ ಸೌದೆ ನನಗೆ ಅಂತ ಅಲ್ವೇನೇ?"

"ನಿಮಗಾಗಿದ್ರೆ ಅಷ್ಟು ದಪ್ಪದ್ದು ಆರಿಸ್ತಿದ್ನಾ?"

ಹಾಫಿಯಾ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು.